ಯೆಲ್ಟೆಯ ಪಾಲಿನ ಗುಳಿಗೆಗಳು

ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲೂ ಆಸರೆ ಹಿಡಿಯದೆ, ಐದು ಸಲ ಕುರ್ಚಿಯಿಂದ ಎದ್ದು ಐದು ಸಲ ಕೂರಬೇಕು ಎಂದು ನರ್ಸ್ ಗೆಸೀನಾ ಹೇಳಿದಳು. ಆರು ತಿಂಗಳಲ್ಲಿ ಇದು ನಾಲ್ಕನೇ ಸಲವಾದರೂ ಅವಳು ಹೊಸದಾಗಿಯೇ ಹೇಳುತ್ತಿದ್ದಳು, ಯೆಲ್ಟೆ ಹೊಸದಾಗಿಯೇ ಕೇಳಿಸಿಕೊಂಡವಳಂತೆ ತಲೆಯಾಡಿಸುತ್ತಿದ್ದಳು. ಗೋಡೆ ಪಕ್ಕದ ಬೆಂಚಿನ ಮೇಲೆ ಇಬ್ಬರ ಕೋಟುಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಹಾರ್ಮೆನ್ ಹೆಂಡತಿಯ ಮಂಡಿಗಳನ್ನೇ ನೋಡಿದ. ಒಂದು. ಎರಡು. ಮೂರನೆಯದಕ್ಕೆ ಅವಳು ತುಸು ತಡೆದಳು. ಉಸಿರು ಎಳೆದುಕೊಂಡಳೋ, ಕಿಟಕಿಯಾಚೆ ಏನನ್ನಾದರೂ ನೋಡಿದಳೋ ತಿಳಿಯಲಿಲ್ಲ. ಆದರೆ ಆ ತಡೆಯನ್ನು ಅವನು ಎಣಿಸಿಕೊಂಡ. ಗೆಸೀನಾ ಗಡಿಯಾರ ಒತ್ತಿ, ಹಾಳೆಯಲ್ಲಿ ಬರೆದು, "ಹೋದ ಸಲಕ್ಕಿಂತ ಸ್ವಲ್ಪ ನಿಧಾನ. ಪರವಾಗಿಲ್ಲ ಬಿಡಿ, ಚಳಿಗಾಲ ಕಳೆದು ಬಂದಿದೀರಲ್ಲ," ಎಂದಳು. ಯೆಲ್ಟೆ ನಕ್ಕು, "ಚಳಿಗಾಲ ನನಗೊಬ್ಬಳಿಗೇ ಇತ್ತೇನಮ್ಮಾ?" ಎಂದಳು. ಹಾರ್ಮೆನ್‌ಗೆ ನಗು ಬರಲಿಲ್ಲ.

ಅವನ ಸರದಿ ಬಂತು. ಎದ್ದ, ಕೂತ, ಎದ್ದ. ಬೇಕೆಂದೇ ನಿಧಾನ ಮಾಡೋಣ ಎಂದುಕೊಂಡಿದ್ದ. ಬೆಳಿಗ್ಗೆ ರೈಲಿನಲ್ಲಿ ಬರುವಾಗ, ಮಂಜು ಹಿಡಿದ ಗಾಜಿನಾಚೆ ಹೊಲಗಳು ಓಡುತ್ತಿದ್ದಾಗ, ಯೆಲ್ಟೆ ಡಬ್ಬಿ ತೆಗೆದು ರೈ ಬ್ರೆಡ್ಡಿನ ನಡುವೆ ಚೀಸ್ ಇಟ್ಟು ದೊಡ್ಡ ತುಂಡನ್ನು ಇವನಿಗೆ ಕೊಟ್ಟಾಗಲೇ ಅದನ್ನು ತೀರ್ಮಾನಿಸಿದ್ದ. ಆದರೆ ಕಾಲುಗಳು ಅವನ ಮಾತು ಕೇಳಲಿಲ್ಲ. ಹುಡುಗನಾಗಿದ್ದಾಗ ಕಾಲುವೆಯ ಮಂಜುಗಡ್ಡೆಯ ಮೇಲೆ ಯಾರಾದರೂ ಗಡಿಯಾರ ಹಿಡಿದು ನಿಂತರೆ ಸಾಕು, ಬಿದ್ದು ಸಾಯುವಷ್ಟು ಜೋರಾಗಿ ಹೋಗುತ್ತಿದ್ದ. ಆ ಹಾಳು ಹಟ ಎಪ್ಪತ್ತೊಂದರಲ್ಲೂ ತೊಡೆಗಳಲ್ಲಿ ಉಳಿದಿತ್ತು. "ಹನ್ನೊಂದು ಸೆಕೆಂಡ್! ಮೊದಲ ಸಲ ಹದಿನಾಲ್ಕೂವರೆ ಆಗಿತ್ತು, ಗೊತ್ತಾ?" ಎಂದು ಗೆಸೀನಾ ಹುಬ್ಬೇರಿಸಿದಳು. ಯೆಲ್ಟೆ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ಕೇಳಿ ಅವನಿಗೆ ಒಂದು ಕ್ಷಣ ನಿಜವಾಗಿಯೂ ಖುಷಿಯಾಯಿತು. ಮರುಕ್ಷಣವೇ ಬೆಂಚಿಗೆ ಹೋಗಿ ಕೋಟುಗಳನ್ನು ಮಡಿಲಿಗೆ ಎಳೆದುಕೊಂಡ. ಕದ್ದದ್ದು ಮೈಗೆ ಹತ್ತಿದೆ ಎಂದು ಹನ್ನೊಂದು ಸೆಕೆಂಡು ಎಲ್ಲರೆದುರು ಸಾಕ್ಷಿ ಹೇಳಿದಂತಾಗಿತ್ತು.

ಇದೆಲ್ಲ ಶುರುವಾದದ್ದು ಈಜುಕೊಳದ ಬಾಗಿಲಿಗೆ ಅಂಟಿಸಿದ್ದ ಒಂದು ಹಾಳೆಯಿಂದ. ಅರವತ್ತೈದು ದಾಟಿದವರು ಹೊಸ ಔಷಧಿಯೊಂದರ ಪರೀಕ್ಷೆಗೆ ಬೇಕಾಗಿದ್ದಾರೆ, ಗಂಡ ಹೆಂಡತಿ ಇಬ್ಬರೂ ಬಂದರೆ ಒಳ್ಳೆಯದು ಎಂದು ಅದರಲ್ಲಿತ್ತು. ಯೆಲ್ಟೆ ಆ ಕೊಳದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದವಳು, ಈಗಲೂ ವಾರಕ್ಕೆ ಮೂರು ದಿನ ಹೋಗುತ್ತಾಳೆ. ಹಾಳೆ ಓದಿಕೊಂಡು ಬಂದು, "ನಡಿ, ಇಲಿಗಳ ಕೆಲಸ ನಾವು ಮಾಡೋಣ," ಎಂದಿದ್ದಳು. ಊರಿನ ಗ್ರಂಥಾಲಯದಲ್ಲಿ ಡಾಕ್ಟರ್ ಫೆನ್ನಾ ಎಂಬಾಕೆ ಬಂದು ವಿವರಿಸಿದರು. ನಲವತ್ತು ದಾಟಿರದ, ಕೂದಲನ್ನು ಪೆನ್ಸಿಲ್ಲಿನಿಂದ ಸಿಕ್ಕಿಸಿಕೊಂಡಿದ್ದ ಹೆಂಗಸು. ನಮ್ಮ ಮೈಯ ಜೀವಕೋಶಗಳಲ್ಲಿ ಕೆಲವಕ್ಕೆ ವಯಸ್ಸಾಗುತ್ತದೆ, ಅವು ಒಡೆದು ಎರಡಾಗುವುದನ್ನು ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. ಸುಮ್ಮನೆ ಕೂತು ಏನೇನೋ ಒಸರುತ್ತ ಅಕ್ಕಪಕ್ಕದವನ್ನೂ ಕೆಡಿಸುತ್ತವೆ. ಸ್ಟ್ರಾಬೆರಿಯಲ್ಲಿ, ಸೇಬಿನ ಸಿಪ್ಪೆಯಲ್ಲಿ, ಈರುಳ್ಳಿಯಲ್ಲಿ ಒಂದು ಹಳದಿ ವಸ್ತುವಿದೆ. ಅದನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಇಂಥ ಕೋಶಗಳು ಹಟ ಬಿಟ್ಟು ಸಾಯಬಹುದು, ಇಲಿಗಳಲ್ಲಿ ಹಾಗಾಗಿದೆ, ಮನುಷ್ಯರಲ್ಲಿ ಗೊತ್ತಿಲ್ಲ. ತಿಂಗಳಿಗೆ ಎರಡೇ ದಿನ, ದಿನಕ್ಕೆ ಹತ್ತು ಗುಳಿಗೆ. ಅರ್ಧ ಜನರಿಗೆ ನಿಜವಾದದ್ದು, ಅರ್ಧ ಜನರಿಗೆ ಅದೇ ಬಣ್ಣದ ಬರೀ ಹಿಟ್ಟು. ಯಾರಿಗೆ ಯಾವುದೆಂದು ನನಗೂ ಗೊತ್ತಿರುವುದಿಲ್ಲ ಎಂದರು. ಯೆಲ್ಟೆ ಎದ್ದು ನಿಂತು, "ಅಂದ್ರೆ ಕೆಲಸ ಬಿಟ್ಟು ಕೂತು ಗೊಣಗೋ ಮುದುಕರನ್ನ ಆಚೆ ಹಾಕೋ ಔಷಧಿ ಅನ್ನಿ!" ಎಂದಾಗ ಇಡೀ ಸಭೆ ನಕ್ಕಿತ್ತು. ಹಾರ್ಮೆನ್ ಕೂಡ ನಕ್ಕ, ಸ್ವಲ್ಪ ತಡವಾಗಿ. ಅವನು ಕೆಲಸ ಬಿಟ್ಟು ಆಗ ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ಕಾಲುವೆಯ ಮೇಲಿನ ಗಾಜಿನ ಗೂಡಿನಲ್ಲಿ ಕೂತು, ದೋಣಿ ಬಂದಾಗ ಸೇತುವೆ ಎತ್ತಿ, ಹೋದ ಮೇಲೆ ಇಳಿಸಿದ್ದ. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು. ಕೈಬೀಸುತ್ತಿದ್ದರು. ಇವನೂ ಬೀಸುತ್ತಿದ್ದ.

ತಿಂಗಳು ತಿಂಗಳೂ ಎರಡು ಬಾಟಲಿ ಬಂದವು, ಒಂದರ ಮೇಲೆ ಇವನ ಹೆಸರು, ಇನ್ನೊಂದರ ಮೇಲೆ ಅವಳದು. ಅಡುಗೆಮನೆಯ ಕಪಾಟಿನಲ್ಲಿ ಕಾಫಿಪುಡಿಯ ಪಕ್ಕ ಇಟ್ಟರು. ಎರಡನೇ ತಿಂಗಳ ಗುಳಿಗೆ ಮುಗಿದ ವಾರ, ಸಮುದ್ರದ ಕಡೆಯಿಂದ ಬಿರುಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಅವನು ಕಿಟಕಿಯಲ್ಲಿ ನಿಂತು ನೋಡಿದ. ಯೆಲ್ಟೆ ಗಾಳಿಗೆ ಎದುರಾಗಿ ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ಬೇರೆ ಹೆಂಗಸರೆಲ್ಲ ಇಳಿದು ತಳ್ಳುತ್ತಿದ್ದರು. ಇವಳು ಹ್ಯಾಂಡಲಿನ ಮೇಲೆ ಬಾಗಿ, ಒದ್ದೆ ಕೂದಲು ಹಾರಿಸಿಕೊಂಡು, ಬಾಯಿ ಅಗಲ ತೆರೆದು ಹಾಡುತ್ತಿದ್ದಳು. ಗಾಜಿನೊಳಗಿಂದ ಹಾಡು ಕೇಳಿಸಲಿಲ್ಲ, ಬಾಯಿ ಮಾತ್ರ ಕಂಡಿತು. ಅರವತ್ತೊಂಬತ್ತರ ಹೆಂಗಸು. ಅವನ ಮಂಡಿ ಅವತ್ತೂ ನೋಯುತ್ತಿತ್ತು. ಹಾಗಾದರೆ ನಿಜವಾದದ್ದು ಅವಳ ಬಾಟಲಿಯಲ್ಲಿದೆ ಎಂದು ಅವನಿಗೆ ಖಚಿತವಾಯಿತು. ಅಸೂಯೆಯೇ? ಅಸೂಯೆ ಎಂದರೆ ಕೋಪವಿರಬೇಕಿತ್ತು. ಅವನಿಗೆ ಆದದ್ದು ಒಂದು ಬಗೆಯ ಚಳಿ. ಅವಳು ಹೀಗೇ ತುಳಿಯುತ್ತ ಮನೆಯನ್ನು ದಾಟಿ, ಊರನ್ನು ದಾಟಿ, ಸಮುದ್ರದ ದಂಡೆಯ ಏರಿಯ ಮೇಲೆ ಹತ್ತಿ ಹೋಗಿಬಿಡುತ್ತಾಳೆ, ನಾನು ಇಲ್ಲೇ ಕಿಟಕಿಯಲ್ಲಿ ನಿಂತು ಕೈಬೀಸುತ್ತೇನೆ ಎನ್ನಿಸಿತು. ಮೂರನೇ ತಿಂಗಳು ಬಾಟಲಿಗಳು ಬಂದ ದಿನ ಅವಳು ಈಜಲು ಹೋದಾಗ ಅವನು ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ಇಪ್ಪತ್ತು ಇಪ್ಪತ್ತು ಗುಳಿಗೆ ಸುರಿದು, ಅವಳದನ್ನು ತನ್ನ ಬಾಟಲಿಗೆ, ತನ್ನದನ್ನು ಅವಳ ಬಾಟಲಿಗೆ ತುಂಬಿದ. ಕೈ ನಡುಗಲಿಲ್ಲ. ಅವಳ ಪಾಲಿನ ಒಂದು ಗುಳಿಗೆ ಉರುಳಿ ಒಲೆಯ ಕೆಳಗೆ ಹೋಯಿತು. ಮಂಡಿಯೂರಿ, ಕಡ್ಡಿಯಿಂದ ಎಳೆದು, ಒರೆಸಿ, ಅದನ್ನೂ ತನ್ನದಕ್ಕೇ ಹಾಕಿಕೊಂಡ. ಮುಂದಿನ ತಿಂಗಳೂ ಹಾಗೇ. ಅದರ ಮುಂದಿನ ತಿಂಗಳೂ.

ಆಮೇಲೆ ಈಜುಕೊಳದ ಬೆಂಚಿನ ಮೇಲೆ ಹೋಗಿ ಕೂರಲು ಶುರುಮಾಡಿದ. "ಏನು, ಈಗ ಹೊಸದಾಗಿ ನನ್ನ ಮೇಲೆ ಪ್ರೀತಿನಾ?" ಎಂದು ಯೆಲ್ಟೆ ನೀರಿನಿಂದಲೇ ಕೂಗಿದಳು. ಅವನ ಅಂಗೈಯಲ್ಲಿ ಗಡಿಯಾರವಿತ್ತು. ಇಪ್ಪತ್ತು ಸುತ್ತಿಗೆ ಮೊದಲು ಹದಿನೆಂಟು ನಿಮಿಷ. ಆಮೇಲೆ ಇಪ್ಪತ್ತು. ಹೋದ ವಾರ ಇಪ್ಪತ್ತೊಂದೂವರೆ. ಇಪ್ಪತ್ತೊಂದೂವರೆ ಎಂದು ಕಂಡ ದಿನ ಮನೆಗೆ ಬಂದು ಬಾಟಲಿ ತೆಗೆದು ನೋಡಿದ. ಕೊನೆಯ ತಿಂಗಳ ಹತ್ತು ಗುಳಿಗೆ ಉಳಿದಿದ್ದವು, ಅವಳ ಪಾಲಿನವು. ವಾಪಸ್ ಹಾಕಿಬಿಡಬಹುದಿತ್ತು. ಒಂದು ಲೋಟ ನೀರು ತೆಗೆದುಕೊಂಡು ಹತ್ತನ್ನೂ ಒಂದೊಂದಾಗಿ ನುಂಗಿದ.

ಕುರ್ಚಿಯ ಪರೀಕ್ಷೆ ಮುಗಿದ ಮೇಲೆ ಯೆಲ್ಟೆ ರಕ್ತ ಕೊಡಲು ಪಕ್ಕದ ಕೋಣೆಗೆ ಹೋದಳು. ಡಾಕ್ಟರ್ ಫೆನ್ನಾ ಬಾಗಿಲಲ್ಲಿ ಇಣುಕಿ, "ಬನ್ನಿ ಹಾರ್ಮೆನ್ ಅವರೇ. ಕೊನೇ ಭೇಟಿಯಲ್ಲಿ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆನಲ್ಲ," ಎಂದರು. ಹೋದ ತಿಂಗಳು ಇಬ್ಬರ ತೊಡೆಯಿಂದಲೂ ಕೊತ್ತಂಬರಿ ಕಾಳಿನಷ್ಟು ಚರ್ಮ ತೆಗೆದಿದ್ದರು. ಅದರಿಂದ ಬೆಳೆಸಿದ ಕೋಶಗಳಿಗೆ ಬಣ್ಣ ಹಾಕಿ ಇಡುತ್ತೇವೆ, ವಯಸ್ಸಾದವು ಮಾತ್ರ ನೀಲಿಯಾಗುತ್ತವೆ ಎಂದು ಇಬ್ಬರಿಗೂ ಆಗಲೇ ಹೇಳಿದ್ದರು. ಉದ್ದನೆಯ ಕೋಣೆ, ಎಲ್ಲೋ ಒಂದು ಯಂತ್ರದ ಸಣ್ಣ ಗುಂಯ್‌ಗುಡುವಿಕೆ. ಫೆನ್ನಾ ಸ್ಟೂಲು ಎಳೆದುಕೊಟ್ಟರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಮೊದಲು ಅವನ ರೆಪ್ಪೆಯೇ ಅವನಿಗೆ ಕಂಡಿತು. "ಕಣ್ಣು ಸ್ವಲ್ಪ ಹಿಂದೆ. ಹಾಂ, ಈಗ ಇದನ್ನ ಮೆಲ್ಲಗೆ ತಿರುಗಿಸಿ." ತಿರುಗಿಸಿದ. ಮಂಜು ಕರಗಿದಂತೆ ಆಯಿತು.

ಅವನು ಏನನ್ನು ನಿರೀಕ್ಷಿಸಿದ್ದನೋ, ಇದನ್ನಲ್ಲ. ನೀರಿನ ಪ್ರವಾಹಕ್ಕೆ ಸಿಕ್ಕ ಹುಲ್ಲಿನಂತೆ, ಎಲ್ಲವೂ ಒಂದೇ ದಿಕ್ಕಿಗೆ ಒಲೆದು, ಒಂದರ ಪಕ್ಕ ಒಂದು ಮಲಗಿದ್ದವು. ತೆಳ್ಳಗೆ, ಉದ್ದಕ್ಕೆ, ತುದಿಯಲ್ಲಿ ಚೂಪಾಗಿ. ಗಾಜಿಗಿಂತ ತಿಳಿಯಾಗಿ. ಪ್ರತಿಯೊಂದರ ನಡುವೆ ಒಂದು ಮಸುಕು ಚುಕ್ಕೆ. ಯಾರೂ ಅವಕ್ಕೆ ಹೀಗೆ ಮಲಗಿ ಎಂದು ಹೇಳಿರಲಿಲ್ಲ. "ಇದು ನಾನಾ?" ಎಂದ. ಧ್ವನಿ ಪಿಸುಗುಟ್ಟಿದಂತೆ ಬಂತು, ಇಗರ್ಜಿಯಲ್ಲಿ ಮಾತಾಡುವವನಂತೆ. "ನೀವೇ," ಎಂದರು ಫೆನ್ನಾ. ಎಪ್ಪತ್ತೊಂದು ವರ್ಷ ಈ ಮೈಯನ್ನು ಹೊತ್ತು ತಿರುಗಿದ್ದ. ಬೈದಿದ್ದ, ಮಂಡಿಗೆ ಮುಲಾಮು ಹಚ್ಚಿದ್ದ, ಕನ್ನಡಿಯಲ್ಲಿ ಹೊಟ್ಟೆ ನೋಡಿ ಮುಖ ತಿರುಗಿಸಿದ್ದ. ಅಷ್ಟೂ ದಿನ ಒಳಗೆ ಇಷ್ಟು ಅಚ್ಚುಕಟ್ಟಾಗಿ, ಸದ್ದಿಲ್ಲದೆ, ಇವನ ಹೆಸರೂ ಗೊತ್ತಿಲ್ಲದೆ, ಇವು ಇವನನ್ನು ಹೆಣೆಯುತ್ತಲೇ ಇದ್ದವು. ಆಮೇಲೆ ನೀಲಿಯವು ಕಂಡವು. ಅಲ್ಲೊಂದು, ಇಲ್ಲೊಂದು. ದೊಡ್ಡದಾಗಿ, ಚಪ್ಪಟೆಯಾಗಿ, ಹುರಿದ ಮೊಟ್ಟೆಯಂತೆ ಹರಡಿಕೊಂಡು, ಸಾಲಿಗೆ ಸೇರದೆ, ಮುಸ್ಸಂಜೆ ಆಕಾಶದ ಬಣ್ಣದಲ್ಲಿ. "ಅವೇ," ಎಂದರು ಫೆನ್ನಾ. "ಮುದುಕರು." ಅವು ಕೂಡ ಚೆಂದವಾಗಿದ್ದವು. ಅದು ಅವನಿಗೆ ಎಲ್ಲಕ್ಕಿಂತ ವಿಚಿತ್ರವೆನಿಸಿತು. ಅವುಗಳ ಸುತ್ತ ಉಳಿದವು ಬಳಸಿಕೊಂಡು ಹೋಗಿದ್ದವು, ಹೊಳೆಯ ನಡುವಿನ ಬಂಡೆಯನ್ನು ನೀರು ಬಳಸುವ ಹಾಗೆ.

ಕಣ್ಣು ತೆಗೆಯದೆಯೇ ಅವನು ಹೇಳಿದ. "ನಾನು ಅವಳ ಗುಳಿಗೆ ತಿಂದೆ."

"ಏನಂದ್ರಿ?"

"ಯೆಲ್ಟೆದು. ಮೂರನೇ ತಿಂಗಳಿಂದ. ನನ್ನದು ಅವಳಿಗೆ ಹಾಕಿ, ಅವಳದು ನಾನು ತಿಂದೆ. ಅವಳಿಗೆ ಗೊತ್ತಿಲ್ಲ. ಅವಳು ನಿಧಾನ ಆದಳು, ನಾನು ಚುರುಕಾದೆ. ನಿಮ್ಮ ನರ್ಸ್ ಬರೆದುಕೊಂಡಿದಾರೆ, ನೋಡಿ ಬೇಕಾದ್ರೆ. ಹನ್ನೊಂದು ಸೆಕೆಂಡ್."

ಯಂತ್ರ ಗುಂಯ್ ಎನ್ನುತ್ತಿತ್ತು. ಫೆನ್ನಾ ಕೂದಲಿನಿಂದ ಪೆನ್ಸಿಲ್ ತೆಗೆದು, ಏನೂ ಬರೆಯದೆ, ಮೇಜಿನ ಮೇಲೆ ಇಟ್ಟರು. ಬೈಯುತ್ತಾರೆ ಎಂದುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

"ಹಾರ್ಮೆನ್ ಅವರೇ, ಸೇರುವಾಗ ಒಂದು ಒಪ್ಪಿಗೆ ಪತ್ರ ಕೊಟ್ಟಿದ್ವಲ್ಲ. ಓದಿದ್ರಾ?"

"ಸಹಿ ಹಾಕಿದೆ."

"ನಾಲ್ಕನೇ ಪುಟದಲ್ಲಿದೆ. ಒಂದೇ ಮನೆಯವರನ್ನ ಯಾವಾಗಲೂ ಒಂದೇ ಗುಂಪಿಗೆ ಹಾಕ್ತೀವಿ. ನಿಮಗೆ ನಿಜವಾದದ್ದು ಸಿಕ್ಕಿದ್ರೆ ಅವರಿಗೂ ನಿಜವಾದದ್ದೇ. ನಿಮಗೆ ಹಿಟ್ಟು ಅಂದ್ರೆ ಅವರಿಗೂ ಹಿಟ್ಟೇ. ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದ್ರೆ ಎರಡೂ ಬಾಟಲಿಲಿ ಇದ್ದದ್ದು ಒಂದೇ."

ಅವನು ಸ್ಟೂಲನ್ನು ಅವರ ಕಡೆ ತಿರುಗಿಸಿದ. "ಯಾಕೆ ಹಾಗೆ?"

"ಯಾಕೆ ಅಂದ್ರೆ..." ಫೆನ್ನಾ ತಡವರಿಸಿದರು. ಮುಖದಲ್ಲಿ ನಗು ಬರಲು ನೋಡಿತು, ಅದನ್ನು ಅವರು ಬಿಡಲಿಲ್ಲ. "ಜನ ಅದಲು ಬದಲು ಮಾಡ್ಕೊಳ್ತಾರೆ. ಸಾಮಾನ್ಯವಾಗಿ ತಾವು ಬಿಟ್ಟು ಇನ್ನೊಬ್ಬರಿಗೆ ಕೊಡ್ತಾರೆ."

ಸಾಮಾನ್ಯವಾಗಿ. ಆ ಮಾತು ಕೋಣೆಯಲ್ಲಿ ಹಾಗೇ ನಿಂತಿತು. ಫೆನ್ನಾ ಕೂಡ ಅದನ್ನು ಕೇಳಿಸಿಕೊಂಡು ಕೆಂಪಾದರು. ತಾನು ಬರುವ ಮೊದಲೇ ತನ್ನಂಥವನಿಗೆ ಒಂದು ಪುಟ ಬರೆದಿಟ್ಟಿದ್ದರು ಎಂದು ಹಾರ್ಮೆನ್‌ಗೆ ಹೊಳೆಯಿತು. ಆದರೆ ಆ ಪುಟದಲ್ಲೂ ತನ್ನದನ್ನು ಬಿಟ್ಟುಕೊಡುವವರಿಗೆ ಜಾಗವಿತ್ತೇ ಹೊರತು ಕಿತ್ತುಕೊಳ್ಳುವವನಿಗಲ್ಲ. ಮೂರು ತಿಂಗಳು ಹೊತ್ತ ಪಾಪಕ್ಕೆ ತೂಕವೇ ಇರಲಿಲ್ಲ. ಏನೂ ಕದ್ದಿರಲಿಲ್ಲ. ಹಾಗಾದರೆ ಹಗುರಾಗಬೇಕಿತ್ತು. ಬದಲಿಗೆ ಒಲೆಯ ಕೆಳಗಿಂದ ಗುಳಿಗೆ ಎಳೆಯುತ್ತಿದ್ದ ತನ್ನ ಬೆನ್ನನ್ನು ಅವನು ಹಿಂದಿನಿಂದ, ಬೇರೆ ಯಾರೋ ನೋಡುವಂತೆ ನೋಡಿದ. ಕದ್ದ ವಸ್ತುವನ್ನು ತೆಗೆದುಬಿಟ್ಟ ಮೇಲೆ ಕದ್ದವನೊಬ್ಬನೇ ಉಳಿದಿದ್ದ.

"ವರದಿಯಲ್ಲಿ ಬರೀಲೇಬೇಕು," ಎಂದರು ಫೆನ್ನಾ, ಮೃದುವಾಗಿ. "ನಿಮ್ಮ ಹೆಂಡತಿಗೂ ತಿಳೀಬೇಕು. ನಾನು ಹೇಳ್ಲಾ?"

"ಬೇಡ. ನಾನೇ."

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಯೆಲ್ಟೆ ಆಗಲೇ ಎರಡು ಬಟ್ಟಲು ಬಟಾಣಿ ಸೂಪು ತಂದಿಟ್ಟುಕೊಂಡಿದ್ದಳು. ಮೊಣಕೈ ಮಡಿಕೆಯಲ್ಲಿ ಹತ್ತಿಯ ತುಂಡು ಅಂಟಿಸಿತ್ತು. "ಯಾಕೆ ಮುಖ ಹಿಂಗಿದೆ? ನೀಲಿಯೇ ತುಂಬಿತ್ತಾ?" ಎಂದಳು. ಅವನು ಕೋಟು ಕೂಡ ತೆಗೆಯದೆ ಎಲ್ಲವನ್ನೂ ಹೇಳಿದ. ಗಾಳಿಗೆದುರಾದ ಸೈಕಲ್ಲು, ಎರಡು ತಟ್ಟೆ, ಗಡಿಯಾರ, ಇಪ್ಪತ್ತೊಂದೂವರೆ ನಿಮಿಷ, ಕೊನೆಯ ಹತ್ತು ಗುಳಿಗೆ. ನಾಲ್ಕನೇ ಪುಟವನ್ನೂ ಹೇಳಿದ. ಅವಳು ಚಮಚ ಆಡಿಸುತ್ತಲೇ ಇದ್ದಳು. ಪಕ್ಕದ ಮೇಜಿನಲ್ಲಿ ಯಾರೋ ಮಗುವಿಗೆ ಬಾಳೆಹಣ್ಣು ಸುಲಿಯುತ್ತಿದ್ದರು.

"ಅಂದ್ರೆ ನನಗಿಂತ ಜಾಸ್ತಿ ದಿನ ಬದುಕಬೇಕು ಅಂತ ಇದ್ದೆ ನೀನು."

"ಅಲ್ಲ."

"ಮತ್ತೆ?"

"ನೀನು ಮುಂದೆ ಹೋಗ್ಬಿಡ್ತೀಯ ಅಂತ. ಸಾಯೋದಲ್ಲ. ಹಂಗೇ... ಮುಂದೆ."

ಯೆಲ್ಟೆ ಅವನನ್ನು ನೋಡಿದಳು. ಮೂವತ್ತು ವರ್ಷ ನೀರಿನ ಅಂಚಿನಲ್ಲಿ ನಿಂತು, ಯಾವ ಮಗು ಮುಳುಗುವ ನಾಟಕ ಆಡುತ್ತಿದೆ, ಯಾವುದು ನಿಜವಾಗಿ ಮುಳುಗುತ್ತಿದೆ ಎಂದು ನೋಡಿ ಅಭ್ಯಾಸವಾದ ಕಣ್ಣು. "ನಾನು ಯಾಕೆ ನಿಧಾನ ಆದೆ ಗೊತ್ತಾ? ಹತ್ತನೇ ಸುತ್ತಿಗೆ ಆಳದ ಕಡೆ ಹೋಗಿ ಅಂಚು ಹಿಡ್ಕೊಂಡು ನಿಂತ್ಕೋತೀನಿ. ಫೆಬ್ರವರಿಲಿ ಬಿಸಿಲು ಆ ಮೇಲಿನ ಕಿಟಕಿಯಿಂದ ಸೀದಾ ನೀರಿಗೆ ಬೀಳುತ್ತೆ. ತಳ ಪೂರ್ತಿ ಅಲ್ಲಾಡುತ್ತೆ. ಮೊದಲು ಯಾವತ್ತೂ ನೋಡೇ ಇರಲಿಲ್ಲ, ಮಕ್ಕಳನ್ನ ನೋಡೋದೇ ಆಗಿತ್ತಲ್ಲ. ಅದನ್ನ ನೋಡ್ತಾ ನಿಂತ್ಕೋತಿದ್ದೆ. ನಿನ್ನನ್ನ ಕರೀಬೇಕು ಅನ್ಕೊಂಡೆ, ನೀನು ನೋಡಿದ್ರೆ ಕೈಯನ್ನೇ ನೋಡ್ಕೋತಾ ಕೂತಿರ್ತಿದ್ದೆ." ಅವಳು ಸೂಪನ್ನು ದೂರ ಸರಿಸಿದಳು. "ಗುಳಿಗೆ ಒಂದೇ ಆಗಿತ್ತು, ಸರಿ. ಅದು ನಿನಗೆ ಗೊತ್ತಿರಲಿಲ್ಲ. ನಾನು ಕುಸೀತಿದೀನಿ ಅಂತಲೇ ನೀನು ಅಂದುಕೊಂಡಿದ್ದೆ. ಅಂದುಕೊಂಡೇ ಲೋಟಕ್ಕೆ ನೀರು ಹಿಡಿದೆ. ಅಲ್ವಾ?"

"ಹೌದು."

"ಹತ್ತೂ ನುಂಗಿದೆ."

"ಹೌದು."

"ಒಂದಾದ್ರೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಲ್ಲೋ, ದರಿದ್ರದವನೇ." ಅದು ಬೈಗುಳವೋ ಹಾಸ್ಯವೋ ಅವನಿಗೆ ಗೊತ್ತಾಗಲಿಲ್ಲ. ಅವಳ ಕಣ್ಣು ತುಂಬಿತ್ತು, ಧ್ವನಿ ಮಾತ್ರ ಗಟ್ಟಿಯಿತ್ತು. ಎದ್ದು ಕೋಟು ತೆಗೆದುಕೊಂಡಳು. "ಬಾ. ನಂದೂ ನೋಡ್ಬೇಕು ನಾನು."

ಅವಳು ಮುಂದೆ, ಇವನು ಎರಡು ಹೆಜ್ಜೆ ಹಿಂದೆ. ಕೋಣೆಯಲ್ಲಿ ಫೆನ್ನಾ ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ, ಬೇರೊಂದು ಗಾಜನ್ನು ಇಟ್ಟುಕೊಟ್ಟರು. ಯೆಲ್ಟೆ ಕನ್ನಡಕ ಹಣೆಗೇರಿಸಿ ಬಾಗಿದಳು. ಹಾರ್ಮೆನ್ ಬಾಗಿಲ ಹತ್ತಿರವೇ ನಿಂತಿದ್ದ. ಅವಳ ಭುಜಗಳಲ್ಲಿದ್ದ ಬಿಗಿ ಸ್ವಲ್ಪ ಸ್ವಲ್ಪವೇ ಇಳಿಯುವುದು ಹಿಂದಿನಿಂದ ಕಂಡಿತು. ಅವಳ ಕತ್ತಿನ ಚರ್ಮ, ಕ್ಲೋರಿನ್ನಿಗೆ ಒಣಗಿ ಸುಕ್ಕಾದದ್ದು, ಅದರ ಕೆಳಗೂ ಇದೇ ಹುಲ್ಲುಗಾವಲು ಇದೇ ಘಳಿಗೆಯಲ್ಲಿ ಒಲೆಯುತ್ತಿದೆ ಎಂದು ಅವನಿಗೆ ಹೊಳೆಯಿತು. ನಲವತ್ತನಾಲ್ಕು ವರ್ಷ ಆ ಕತ್ತಿನ ಪಕ್ಕದಲ್ಲಿ ಮಲಗಿ ಎದ್ದಿದ್ದ.

"ಅಯ್ಯೋ ದೇವರೇ," ಎಂದಳು ಯೆಲ್ಟೆ ಕೊನೆಗೆ, ತೀರ ಮೆಲ್ಲಗೆ. "ಇವು ಬದುಕಿವೆಯಾ?"

"ಇವಿಲ್ಲ. ಬಣ್ಣ ಹಾಕಿದಾಗ ಸಾಯ್ತವೆ. ಆದ್ರೆ ಇವುಗಳ ಜೊತೆಯವು ಇವೆ, ಆ ಕಾವಿನ ಪೆಟ್ಟಿಗೇಲಿ. ಬೆಳೀತಿವೆ."

"ಈಗಲೂ?"

"ಈಗಲೂ."

"ನಾನು ಕ್ಯಾಂಟೀನಲ್ಲಿ ಕೂತು ಇವನನ್ನ ಬೈತಿದ್ದಾಗಲೂ?"

"ಆಗಲೂ," ಎಂದು ಫೆನ್ನಾ ನಕ್ಕರು.

ಯೆಲ್ಟೆ ಕೇಳಿದಳು, ಹಿಡಿದುಕೊಳ್ಳಬಹುದಾ ಎಂದು. ಫೆನ್ನಾ ಬಾಗಿಲ ಕಡೆ ಒಮ್ಮೆ ನೋಡಿ, ಅರ್ಧ ನಿಮಿಷ ಮಾತ್ರ ಎಂದು, ಇಬ್ಬರಿಗೂ ಕೈಗವಸು ಕೊಟ್ಟರು. ಪೆಟ್ಟಿಗೆಯ ಬಾಗಿಲು ತೆರೆದಾಗ ಬೆಚ್ಚನೆ ಉಸಿರಿನಂಥದ್ದೊಂದು ಹೊರಗೆ ಬಂತು. ಬಿರಡೆ ಬಿಗಿದ ಚಪ್ಪಟೆ ಬಾಟಲಿ, ತಳದಲ್ಲಿ ತೆಳುಗುಲಾಬಿ ದ್ರವ, ಮೇಲೆ ಯೆಲ್ಟೆಯ ಹೆಸರಿನ ಬದಲು ಒಂದು ಸಂಖ್ಯೆ. ಬರಿಗಣ್ಣಿಗೆ ಒಳಗೆ ಏನೂ ಕಾಣಿಸಲಿಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ಹಿಡಿದು, "ಬೆಚ್ಚಗಿದೆ," ಎಂದಳು. ಹಾಗೆಂದವಳು ತಿರುಗಿ ಹಾರ್ಮೆನ್‌ನನ್ನು ನೋಡಿದಳು. ಕ್ಷಮೆ ಇರಲಿಲ್ಲ ಆ ನೋಟದಲ್ಲಿ. ದ್ವೇಷವೂ ಇರಲಿಲ್ಲ. ತಾನು ಕಂಡದ್ದನ್ನು ಪಕ್ಕದಲ್ಲಿರುವ ಮನುಷ್ಯನಿಗೂ ತೋರಿಸದೆ ಇರಲಾರದ ಒಂದು ಆತುರವಷ್ಟೇ ಇತ್ತು.

"ಹಿಡ್ಕೋ," ಎಂದಳು. "ಅಲುಗಾಡಿಸ್ಬೇಡ."

ಅವನು ಅಂಗೈ ಒಡ್ಡಿದ. ಬಾಟಲಿ ಹೆಚ್ಚು ತೂಕವಿರಲಿಲ್ಲ. ತೆಳ್ಳನೆ ಕೈಗವಸಿನ ಮೂಲಕ ಆ ಬಿಸಿ ಮೆಲ್ಲಗೆ ಬೆರಳಿಗೆ, ಅಂಗೈಗೆ, ಮಣಿಕಟ್ಟಿಗೆ ಹತ್ತಿತು, ಗುರುತಿನ ಬಿಸಿ, ಹಾಸಿಗೆಯ ಆಚೆ ಬದಿಯದು. ಒಳಗೆ ಲಕ್ಷಾಂತರ ಯೆಲ್ಟೆಗಳು ಒಂದು ಎರಡಾಗುತ್ತ, ಎರಡು ನಾಲ್ಕಾಗುತ್ತ, ಯಾರ ಕೈಯಲ್ಲಿದ್ದೇವೆ ಎಂದು ಕೇಳದೆ ಒಂದೇ ದಿಕ್ಕಿಗೆ ಮಲಗಿದ್ದವು. ಅವನು ಉಸಿರು ಬಿಗಿಹಿಡಿದು ನಿಂತ. ಫೆನ್ನಾ "ಸಾಕು, ತಣ್ಣಗಾಗ್ತವೆ, ಕೊಡಿ," ಎಂದು ಕೈಚಾಚಿದರು. ಯೆಲ್ಟೆ, "ಕೊಡು ಹಾರ್ಮೆನ್," ಎಂದಳು. ಕೊಡಬೇಕೆಂದು ಅವನಿಗೂ ಇತ್ತು. ಆದರೆ ನಡುಗಲು ಶುರುವಾದ ಕೈಯಿಂದ ಅಷ್ಟು ಜೀವವನ್ನು ಒಂದಿಷ್ಟೂ ತುಳುಕಿಸದೆ ಇನ್ನೊಬ್ಬರಿಗೆ ದಾಟಿಸುವುದು ಹೇಗೆಂದು ತಿಳಿಯದೆ ಅವನು ಹಾಗೇ ನಿಂತಿದ್ದ. ಆಗ ಯೆಲ್ಟೆ ಹತ್ತಿರ ಬಂದು, ತನ್ನ ಎರಡೂ ಕೈಗಳನ್ನು ಅವನ ಕೈಗಳ ಕೆಳಗೆ ಆನಿಸಿದಳು.